ಮೂರು ನದಿ, ಮೂರು ಸೇತುವೆ: ಟ್ರಿಯರ್, ರೇಗೆನ್ಸ್‌ಬುರ್ಗ್, ಆರ್ಲ್‌ನಲ್ಲಿ ಯಾವುದಕ್ಕೆ ಹೋಗೋಣ?

ಯುರೋಪ್ ಪ್ರವಾಸದ ಪಟ್ಟಿ ಹಾಕುವವರು ಮೊದಲು ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್ ಬರೆಯುತ್ತಾರೆ. ಎಲ್ಲ ಬರೆದಾದ ಮೇಲೂ ಎರಡು ದಿನ ಮಿಗುತ್ತವೆ. ಆಗ ಶುರುವಾಗುತ್ತದೆ ಪ್ರಶ್ನೆ: "ಹಳೆಯ ಊರು ಬೇಕು, ಪಕ್ಕದಲ್ಲೊಂದು ನದಿ ಇರಬೇಕು, ಜಾಸ್ತಿ ಗಲಾಟೆ ಇರಬಾರದು. ಯಾವುದಿದೆ?"

ನನ್ನ ಹತ್ತಿರ ಇರುವುದು ಮೂರು ಹೆಸರು. ಮೋಸೆಲ್ ದಡದ ಟ್ರಿಯರ್, ಡಾನ್ಯೂಬ್ ದಡದ ರೇಗೆನ್ಸ್‌ಬುರ್ಗ್, ರೋನ್ ದಡದ ಆರ್ಲ್. ಮೊದಲ ಎರಡು ಜರ್ಮನಿಯಲ್ಲಿವೆ, ಮೂರನೆಯದು ದಕ್ಷಿಣ ಫ್ರಾನ್ಸ್‌ನಲ್ಲಿದೆ. ಮೂರರಲ್ಲೂ ರೋಮನ್ನರು ಇದ್ದರು. ಮೂರೂ ಯುನೆಸ್ಕೊ ಪಟ್ಟಿಯಲ್ಲಿವೆ. ಬ್ರೋಷರ್ ಓದಿದರೆ ಮೂರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಕಾಣುತ್ತವೆ: ಹಳೆಯ ಕಲ್ಲು, ಚರ್ಚು, ನದಿ, ಸಂಜೆ ಬೆಳಕು. ಅಲ್ಲಿಗೆ ಹೋದರೆ ಒಂದಕ್ಕೊಂದು ಸಂಬಂಧವೇ ಇಲ್ಲ.

ಆರಿಸೋಕೆ ನಾನು ಒಂದು ಸುಲಭದ ದಾರಿ ಹಿಡಿಯುತ್ತೇನೆ. ಆ ಊರಿನ ಸೇತುವೆ ಏನಾಗಿದೆ ಅಂತ ನೋಡುತ್ತೇನೆ.

ಟ್ರಿಯರ್‌ನ ರೋಮನ್ ಸೇತುವೆ ಇನ್ನೂ ಕೆಲಸದಲ್ಲಿದೆ. ಅದರ ಕಲ್ಲಿನ ಕಂಬಗಳು ಕ್ರಿ.ಶ. 2ನೇ ಶತಮಾನದವು, ಮೇಲಿನ ಕಮಾನುಗಳು 18ನೇ ಶತಮಾನದಲ್ಲಿ ಕಟ್ಟಿದವು. ಜರ್ಮನಿಯಲ್ಲಿ ಇದಕ್ಕಿಂತ ಹಳೆಯ ಸೇತುವೆ ಇಲ್ಲ. ಕಾರುಗಳು ಅದರ ಮೇಲೆ ಸುಮ್ನೆ ಓಡಾಡಿಕೊಂಡಿವೆ. ರೇಗೆನ್ಸ್‌ಬುರ್ಗ್‌ನ ಕಲ್ಲುಸೇತುವೆ ಕೆಲಸದಿಂದ ನಿವೃತ್ತಿಯಾಗಿದೆ. 1997ರಲ್ಲಿ ಕಾರು ನಿಲ್ಲಿಸಿದರು, 2008ರಲ್ಲಿ ಬಸ್ಸನ್ನೂ ನಿಲ್ಲಿಸಿದರು. ಈಗ ಅದರ ಮೇಲೆ ನಡೆಯುವವರು, ಸೈಕಲ್‌ನವರು ಮಾತ್ರ. ಆರ್ಲ್‌ನ ಹಳೆಯ ರೈಲು ಸೇತುವೆ ಇಲ್ಲವೇ ಇಲ್ಲ. 1944ರ ಆಗಸ್ಟ್‌ನಲ್ಲಿ ಬಾಂಬ್ ಬಿದ್ದು ಹೋಯಿತು. ಅದರ ಬಾಯಲ್ಲಿ ಕಾವಲಿಗೆ ಕೂರಿಸಿದ್ದ ಕಲ್ಲಿನ ಸಿಂಹಗಳು ಉಳಿದವು. ಇವತ್ತಿಗೂ ಕೂತಿವೆ, ಇಲ್ಲದ ಸೇತುವೆಯನ್ನು ಕಾಯುತ್ತಾ.

ಊರುಗಳ ಸ್ವಭಾವವೂ ಹೆಚ್ಚುಕಮ್ಮಿ ಹಾಗೇ ಇದೆ.

ಟ್ರಿಯರ್: ದೊಡ್ಡ ರಾಜಧಾನಿ ಬಿಟ್ಟುಹೋದ ಊರು

ಮೊದಲೇ ಒಂದು ಮಾತು. ನದಿಗೋಸ್ಕರ ಟ್ರಿಯರ್‌ಗೆ ಹೋಗಬೇಡಿ. ಊರಿನ ನಡುವಿನ ಮಾರುಕಟ್ಟೆ ಚೌಕದಿಂದ ಮೋಸೆಲ್ ಒಂದು ಕಿಲೋಮೀಟರಿಗಿಂತ ದೂರ. ನಡುವೆ ದೊಡ್ಡ ರಸ್ತೆ ದಾಟಬೇಕು. ಊರು ನದಿಗೆ ಬೆನ್ನು ಹಾಕಿ ಕೂತಿದೆ.

ಹೋಗಬೇಕಾದ್ದು ರೋಮನ್ನರಿಗಾಗಿ. ಆಲ್ಪ್ಸ್‌ನ ಉತ್ತರಕ್ಕೆ ಇಷ್ಟು ರೋಮನ್ ಕಟ್ಟಡಗಳು ಒಂದೇ ಕಡೆ ಇಷ್ಟು ಎತ್ತರಕ್ಕೆ ಉಳಿದಿರುವುದು ಅಪರೂಪ. ಇಲ್ಲಿನ ಮೊದಲ ಮರದ ಸೇತುವೆ ಕ್ರಿ.ಪೂ. 18ರ ಸುಮಾರಿನದು, ಊರೂ ಅದೇ ಹೊತ್ತಿನದು. 3ನೇ ಶತಮಾನದ ಕೊನೆಗೆ ರೋಮನ್ ಸಾಮ್ರಾಜ್ಯವನ್ನು ಹಂಚಿಕೊಂಡು ಆಳುವ ಏರ್ಪಾಟು ಬಂತು. ಆಗ ಟ್ರಿಯರ್ ಪಶ್ಚಿಮದ ಒಂದು ರಾಜಧಾನಿಯಾಯಿತು. 306ರಿಂದ ಕೆಲವು ವರ್ಷ ಚಕ್ರವರ್ತಿ ಕಾನ್‌ಸ್ಟಂಟೈನ್ ಇಲ್ಲಿಂದಲೇ ಆಳಿದ.

ಅವನ ದರ್ಬಾರು ಹಾಲ್ ಈಗಲೂ ನಿಂತಿದೆ. 67 ಮೀಟರ್ ಉದ್ದ, 33 ಮೀಟರ್ ಎತ್ತರ, ನಡುವೆ ಒಂದು ಕಂಬವೂ ಇಲ್ಲ. ರೋಮನ್ನರು ನೆಲದ ಕೆಳಗೆ ಬಿಸಿ ಗಾಳಿ ಹರಿಸಿ ಇಷ್ಟು ದೊಡ್ಡ ಜಾಗವನ್ನು ಬೆಚ್ಚಗೆ ಇಡುತ್ತಿದ್ದರು. ಈಗ ಅದು ಪ್ರಾಟೆಸ್ಟೆಂಟ್ ಚರ್ಚ್. ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದ ಮೇಲೆ ಒಳಗೆ ಅಲಂಕಾರ ಏನೂ ಮಾಡದೆ ಬರಿ ಇಟ್ಟಿಗೆ ಕಾಣುವ ಹಾಗೆ ಬಿಟ್ಟರು. ಒಳ್ಳೆಯದೇ ಆಯಿತು. ಒಳಗೆ ಕಾಲಿಟ್ಟರೆ ಮನುಷ್ಯ ಎಷ್ಟು ಚಿಕ್ಕವನು ಅಂತ ತಿಳಿಸುವುದೇ ಆ ಕಟ್ಟಡದ ಉದ್ದೇಶವಾಗಿತ್ತು, ಅದು ಇವತ್ತಿಗೂ ಕೆಲಸ ಮಾಡುತ್ತದೆ. ಹೊರಗಡೆ ಅದಕ್ಕೆ ಅಂಟಿಕೊಂಡು ಗುಲಾಬಿ ಬಣ್ಣದ ಒಂದು ಅರಮನೆ ಇದೆ. ಕೇಕ್ ಮೇಲಿನ ಕೆನೆ ನೆನಪಾಗುತ್ತದೆ. ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯೋದು ಕಷ್ಟ, ಹಿಡಿದರೆ ನಗು ಬರುತ್ತದೆ.

ಎಲ್ಲರೂ ಮೊದಲು ನೋಡುವುದು ಪೋರ್ಟಾ ನೀಗ್ರಾ, ಅಂದರೆ ಕರಿಬಾಗಿಲು. ಕ್ರಿ.ಶ. 170ರ ಸುಮಾರಿಗೆ ಕಟ್ಟಿದ ಕೋಟೆ ಬಾಗಿಲು. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇಲ್ಲ, ಕಬ್ಬಿಣದ ಕೊಂಡಿ ಹಾಕಿ ಜೋಡಿಸಿದ್ದರು. ಮುಂದೆ ಜನ ಕಬ್ಬಿಣದ ಆಸೆಗೆ ಕಲ್ಲು ಕೊರೆದು ಕೊಂಡಿ ಕಿತ್ತುಕೊಂಡರು. ಆ ತೂತುಗಳು ಈಗಲೂ ಕಾಣುತ್ತವೆ. ಹೀಗೆ ಕಿತ್ತು ಕಿತ್ತು ಕಟ್ಟಡವೇ ಮಾಯವಾಗಬೇಕಿತ್ತು. ಉಳಿಸಿದ್ದು ಒಬ್ಬ ಸನ್ಯಾಸಿ. ಸಿಮಿಯೋನ್ ಎಂಬ ಗ್ರೀಕ್ ಸಾಧು 11ನೇ ಶತಮಾನದಲ್ಲಿ ಇದರ ಗೋಪುರದೊಳಗೆ ತನ್ನನ್ನು ತಾನೇ ಗೋಡೆ ಕಟ್ಟಿಸಿಕೊಂಡು ಕೂತ. 1035ರಲ್ಲಿ ಅಲ್ಲೇ ತೀರಿಕೊಂಡ. ಅವನನ್ನು ಸಂತನೆಂದು ಸಾರಿದರು, ಬಾಗಿಲನ್ನೇ ಚರ್ಚ್ ಮಾಡಿದರು. ಚರ್ಚ್‌ನಿಂದ ಯಾರು ಕಲ್ಲು ಕೀಳುತ್ತಾರೆ? ಎಂಟು ಶತಮಾನ ಆದ ಮೇಲೆ ನೆಪೋಲಿಯನ್ ಬಂದು ಚರ್ಚ್ ಭಾಗ ತೆಗೆಸಿ ರೋಮನ್ ಬಾಗಿಲನ್ನು ಹೊರತೆಗೆಸಿದ.

ಊರಿನವರಿಗೆ ಇಷ್ಟು ಹಳೆಯದೂ ಸಾಲದು. ಮಾರುಕಟ್ಟೆ ಚೌಕದ ಕೆಂಪು ಮನೆಯ ಮೇಲೆ ಲ್ಯಾಟಿನ್‌ನಲ್ಲಿ ಬರೆದಿದ್ದಾರೆ, ರೋಮ್‌ಗಿಂತ 1300 ವರ್ಷ ಮೊದಲೇ ಟ್ರಿಯರ್ ಇತ್ತಂತೆ. ಅದು ಕಟ್ಟುಕಥೆ. ಆದರೂ ಗೋಡೆ ಮೇಲೆ ಹಾಕಿಕೊಳ್ಳುವ ಧೈರ್ಯ ಮೆಚ್ಚಬೇಕು.

ಸೇತುವೆ ಕಡೆ ಹೋಗುವ ರಸ್ತೆಗೆ ಬ್ರುಕೆನ್‌ಸ್ಟ್ರಾಸೆ ಅಂತ ಹೆಸರು. ಸೇತುವೆ ಬೀದಿ ಎಂದೇ ಅರ್ಥ. ಅಲ್ಲಿ 10ನೇ ನಂಬರಿನ ಮನೆಯಲ್ಲಿ 1818ರ ಮೇ 5ರಂದು ಕಾರ್ಲ್ ಮಾರ್ಕ್ಸ್ ಹುಟ್ಟಿದ. ಈಗ ಅದು ಮ್ಯೂಸಿಯಂ. ಅವನ 200ನೇ ಹುಟ್ಟುಹಬ್ಬಕ್ಕೆ ಚೀನಾ ದೊಡ್ಡ ಕಂಚಿನ ಪ್ರತಿಮೆ ಕಳಿಸಿತು. ಊರಿನ ಪ್ರವಾಸಿ ಕಚೇರಿ ಅವನ ಮುಖದ ಸೊನ್ನೆ ಯೂರೊ ನೋಟನ್ನು 3 ಯೂರೊಗೆ ಮಾರಿತು. ಬಂಡವಾಳದ ಬಗ್ಗೆ ಅಷ್ಟೆಲ್ಲ ಬರೆದವನಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಯಾರೂ ಮಾಡಿಲ್ಲ.

ಲ್ಯಾಂಡೆಸ್‌ಮ್ಯೂಸಿಯಂ ಬಿಡಬೇಡಿ. 1993ರಲ್ಲಿ ಸಿಕ್ಕಿದ ರೋಮನ್ ಚಿನ್ನದ ನಾಣ್ಯಗಳ ರಾಶಿ ಅಲ್ಲಿದೆ, ಸುಮಾರು 18.5 ಕಿಲೋ ಚಿನ್ನ. ಮೋಸೆಲ್ ಮೇಲೆ ವೈನ್ ಪೀಪಾಯಿ ಸಾಗಿಸುವ ದೋಣಿಯ ಕಲ್ಲಿನ ಶಿಲ್ಪವೂ ಇದೆ. ಈ ನದಿ ಏನು ಕೆಲಸ ಮಾಡುತ್ತಿತ್ತು ಅಂತ ನದಿ ದಡಕ್ಕಿಂತ ಆ ಶಿಲ್ಪದಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ತೊಂದರೆ ಏನೆಂದರೆ, ಟ್ರಿಯರ್‌ನ ಹಳೆಯದೆಲ್ಲ ಬಿಡಿಬಿಡಿಯಾಗಿದೆ. ಒಂದು ಅದ್ಭುತ ನೋಡುತ್ತೀರಿ, ಆಮೇಲೆ ಹತ್ತು ನಿಮಿಷ ಮಾಮೂಲಿ ಅಂಗಡಿ ಬೀದಿ, ಆಮೇಲೆ ಇನ್ನೊಂದು ಅದ್ಭುತ. ದೊಡ್ಡ ಮೆರವಣಿಗೆ ಹೋದ ಮೇಲೆ ಉಳಿದ ಬೀದಿಯ ಹಾಗೆ. 5ನೇ ಶತಮಾನದ ಆರಂಭದ ಹೊತ್ತಿಗೆ ರೋಮನ್ನರು ಈ ಪ್ರಾಂತ್ಯದ ಆಡಳಿತವನ್ನು ಇಲ್ಲಿಂದ ಎತ್ತಿ ದಕ್ಷಿಣಕ್ಕೆ ಒಯ್ದರು. ಎಲ್ಲಿಗೆ ಗೊತ್ತಾ? ಆರ್ಲ್‌ಗೆ.

ಆರ್ಲ್: ನದಿ ಕಿತ್ತುಕೊಂಡಿದ್ದನ್ನು ವಾಪಸ್ ಕೊಡುವ ಊರು

ಆರ್ಲ್ ದೊಡ್ಡದಾಗಿದ್ದು ಒಂದು ಸರಿಯಾದ ಪಂದ್ಯ ಕಟ್ಟಿದ್ದರಿಂದ. ಕ್ರಿ.ಪೂ. 49ರಲ್ಲಿ ಸೀಜರ್ ಮಾರ್ಸೇ ಮೇಲೆ ಯುದ್ಧಕ್ಕೆ ಬಂದ. ಆರ್ಲ್‌ನವರು 30 ದಿನದಲ್ಲಿ 12 ಹಡಗು ಕಟ್ಟಿಕೊಟ್ಟರು. ಮಾರ್ಸೇ ಸೋತಿತು, ಅದರ ಜಮೀನು, ವ್ಯಾಪಾರ ಎಲ್ಲ ಆರ್ಲ್ ಪಾಲಾಯಿತು. ಸೀಜರ್ ತನ್ನ ಹಳೆಯ ಸೈನಿಕರನ್ನು ತಂದು ಇಲ್ಲೇ ನೆಲೆ ನಿಲ್ಲಿಸಿದ.

ಊರ ನಡುವೆ ಕ್ರಿ.ಶ. 1ನೇ ಶತಮಾನದ ಕೊನೆಯ ಆಂಫಿಥಿಯೇಟರ್ ಇದೆ. 136 ಮೀಟರ್ ಉದ್ದ, 107 ಮೀಟರ್ ಅಗಲ, ಒಳಗೆ ಸುಮಾರು 20,000 ಜನ ಕೂರುತ್ತಿದ್ದರು. ಸಾಮ್ರಾಜ್ಯ ಮುಗಿದ ಮೇಲೆ ಊರಿನವರೇ ಇದರೊಳಗೆ ಸೇರಿಕೊಂಡರು. ಕಮಾನುಗಳನ್ನು ಮುಚ್ಚಿ ಕೋಟೆ ಮಾಡಿದರು, ಕಾವಲು ಗೋಪುರ ಎಬ್ಬಿಸಿದರು. ಒಳಗೆ 200ಕ್ಕೂ ಜಾಸ್ತಿ ಮನೆ, ಎರಡು ಚಿಕ್ಕ ಚರ್ಚು. ಊರೇ ಒಂದು ಕ್ರೀಡಾಂಗಣದೊಳಗೆ ಸಂಸಾರ ಹೂಡಿತ್ತು. 19ನೇ ಶತಮಾನದಲ್ಲಿ ಮನೆಗಳನ್ನು ತೆಗೆಸಿ ಮತ್ತೆ ಅಖಾಡ ಮಾಡಿದರು. ಗೋಪುರಗಳಲ್ಲಿ ಮೂರು ಈಗಲೂ ಇವೆ. ಒಂದನ್ನು ಹತ್ತಿದರೆ ಹಂಚಿನ ಸೂರುಗಳು, ಅವುಗಳ ಆಚೆ ರೋನ್.

ಇದರೊಳಗೆ ಈಗಲೂ ಗೂಳಿ ಇಳಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎರಡು ಬಗೆಯ ಆಟ ಇದೆ. ಪಕ್ಕದ ಕಮಾರ್ಗ್ ಪ್ರದೇಶದ ಶೈಲಿಯದರಲ್ಲಿ ಬಿಳಿ ಬಟ್ಟೆ ತೊಟ್ಟ ಆಟಗಾರರು ಗೂಳಿಯ ಕೊಂಬಿಗೆ ಕಟ್ಟಿದ ಕುಚ್ಚು, ದಾರ ಕಿತ್ತುಕೊಂಡು ಓಡುತ್ತಾರೆ. ಗೂಳಿಯನ್ನು ಕೊಲ್ಲುವುದಿಲ್ಲ. ಪೋಸ್ಟರ್‌ನಲ್ಲಿ ಆಟಗಾರನಿಗಿಂತ ಗೂಳಿಯ ಹೆಸರೇ ದೊಡ್ಡದಾಗಿ ಇರುವುದುಂಟು. ಈಸ್ಟರ್ ಮತ್ತು ಸೆಪ್ಟೆಂಬರ್ ಹಬ್ಬಗಳಲ್ಲಿ ಸ್ಪೇನ್ ಶೈಲಿಯದೂ ಇರುತ್ತದೆ, ಅದರಲ್ಲಿ ಕೊಲ್ಲುತ್ತಾರೆ. ಟಿಕೆಟ್ ತೆಗೆಯುವ ಮೊದಲು ಯಾವುದು ಅಂತ ಕೇಳಿಕೊಳ್ಳಿ. ಮಕ್ಕಳು ಜೊತೆಗಿದ್ದರಂತೂ ತಪ್ಪದೆ ಕೇಳಿ.

ಸೆಪ್ಟೆಂಬರಿನ ಹಬ್ಬದ ಹೆಸರು ಕೇಳಿದರೆ ನಮ್ಮವರಿಗೆ ಖುಷಿಯಾಗುತ್ತದೆ: ಅಕ್ಕಿ ಹಬ್ಬ. ಆರ್ಲ್‌ನ ಕೆಳಗೆ ರೋನ್ ಎರಡಾಗಿ ಒಡೆದು ಸಮುದ್ರ ಸೇರುತ್ತದೆ. ನಡುವಿನ ಕಮಾರ್ಗ್ ಎಂಬ ಜೌಗು ನೆಲದಲ್ಲಿ ಬಿಳಿ ಕುದುರೆ, ರಾಜಹಂಸ, ಕರಿ ಗೂಳಿ, ಜೊತೆಗೆ ಭತ್ತದ ಗದ್ದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ವಿಯೆಟ್ನಾಂನಿಂದ ಕರೆತಂದ ಕಾರ್ಮಿಕರಿಂದ ಇಲ್ಲಿ ಭತ್ತದ ಬೇಸಾಯ ಮತ್ತೆ ಚಿಗುರಿತು. ಅವರನ್ನು ಬಲವಂತವಾಗಿ ಕರೆತಂದಿದ್ದರು ಅನ್ನುವುದನ್ನು ಹಬ್ಬದ ಪೋಸ್ಟರ್ ಹೇಳುವುದಿಲ್ಲ. ಇಲ್ಲಿನ ಕೆಂಪಕ್ಕಿ ಸಂತೆಯಲ್ಲಿ ಚೀಲದಲ್ಲಿ ಸಿಗುತ್ತದೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಅನ್ನಕ್ಕೆ ಚಿಂತೆ ಇಲ್ಲ.

ವ್ಯಾನ್ ಗೋ ಹುಡುಕಿಕೊಂಡು ಹೋಗುವವರಿಗೆ ಬೇಸರ ಕಾದಿದೆ. 1888ರ ಫೆಬ್ರುವರಿಯಿಂದ 1889ರ ಮೇವರೆಗೆ ಅವನು ಇಲ್ಲಿದ್ದ. ಆ ಹದಿನೈದು ತಿಂಗಳಲ್ಲಿ ಸುಮಾರು 200 ವರ್ಣಚಿತ್ರ ಬರೆದ. ಕಿವಿ ಕೊಯ್ದುಕೊಂಡಿದ್ದೂ ಇಲ್ಲೇ. ಆದರೆ ಊರಿನದೇ ಅಂತ ಅವನ ಒಂದು ಮೂಲ ಚಿತ್ರವೂ ಇಲ್ಲಿಲ್ಲ. ಅವನ ಹೆಸರಿನ ಸಂಸ್ಥೆ ಬೇರೆ ಕಡೆಯಿಂದ ಒಂದೆರಡು ಎರವಲು ತಂದು ತೋರಿಸುತ್ತದೆ. ಅವನಿದ್ದ ಹಳದಿ ಮನೆಯೂ 1944ರ ಬಾಂಬ್‌ಗೆ ಹೋಯಿತು. ಉಳಿದದ್ದು ಅವನು ನೋಡಿದ ಬೆಳಕು, ರಾತ್ರಿ ನದಿಯಲ್ಲಿ ಅಲ್ಲಾಡುವ ದೀಪಗಳು. ಅದಕ್ಕೆ ಟಿಕೆಟ್ ಇಲ್ಲ.

ನನಗೆ ಆರ್ಲ್‌ನಲ್ಲಿ ಎಲ್ಲಕ್ಕಿಂತ ಹಿಡಿಸುವುದು ಊರ ಅಂಚಿನ ನೀಲಿ ಬಣ್ಣದ ಪುರಾತನ ವಸ್ತುಗಳ ಮ್ಯೂಸಿಯಂ. ಅಲ್ಲಿ ಒಂದು ದೋಣಿ ಇದೆ. 31 ಮೀಟರ್ ಉದ್ದ, ಚಪ್ಪಟೆ ತಳ, ಸುಮಾರು 2000 ವರ್ಷ ಹಳೆಯದು. ಕಲ್ಲು ಹೇರಿಕೊಂಡು ಬಂದು ರೋನ್‌ನಲ್ಲಿ ಮುಳುಗಿತ್ತು. ದಡದವರು ನದಿಗೆ ಎಸೆದ ಒಡೆದ ಜಾಡಿಗಳ ರಾಶಿ, ಕೆಸರು ಅದನ್ನು ಮುಚ್ಚಿ ಕಾಪಾಡಿದವು. 2004ರಲ್ಲಿ ಸಿಕ್ಕಿತು, 2011ರಲ್ಲಿ ತುಂಡು ತುಂಡಾಗಿ ಮೇಲೆತ್ತಿದರು. ಅದನ್ನು ಇಡೋಕೆಂದೇ ಮ್ಯೂಸಿಯಂ ದೊಡ್ಡದು ಮಾಡಿದರು. 2007ರಲ್ಲಿ ಅದೇ ನದಿಯಿಂದ ಅಮೃತಶಿಲೆಯ ಒಂದು ತಲೆ ಬಂತು. ಸೀಜರ್‌ನದೇ ಅಂತ ಕೆಲವರು, ಅಲ್ಲ ಅಂತ ಕೆಲವರು. ಜಗಳ ಮುಗಿದಿಲ್ಲ. ಊರಿನ ಕಸದ ಬುಟ್ಟಿಯಾಗಿದ್ದ ನದಿ ಈಗ ಅದರ ಬೀರು.

ದಡ ಮಾತ್ರ ಅಷ್ಟು ಚಂದ ಇಲ್ಲ. ಪ್ರವಾಹಕ್ಕೆ ಹೆದರಿ ಎತ್ತರದ ಗೋಡೆ ಕಟ್ಟಿದ್ದಾರೆ. ರೋನ್ ಅಗಲ, ರಭಸ, ಬೂದು. ಮಿಸ್ಟ್ರಾಲ್ ಅನ್ನೋ ಉತ್ತರದ ಗಾಳಿ ಎದ್ದರೆ ಟೋಪಿ ಮರೆತುಬಿಡಿ. ಅದು ದಿನಗಟ್ಟಲೆ ಬೀಸುತ್ತದೆ.

ರೇಗೆನ್ಸ್‌ಬುರ್ಗ್: ಬಡವಾಗಿದ್ದೇ ಪುಣ್ಯ

ಕ್ರಿ.ಶ. 179ರಲ್ಲಿ ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಕಾಲದಲ್ಲಿ ಇಲ್ಲಿ ಸುಮಾರು 6000 ಸೈನಿಕರ ದಂಡು ಬೀಡುಬಿಟ್ಟಿತು. ಡಾನ್ಯೂಬ್ ಉತ್ತರಕ್ಕೆ ಅತ್ಯಂತ ಮೇಲೆ ಬರುವ ಜಾಗ ಇದೇ. ಆಚೆ ದಡ ರೋಮ್‌ನದಲ್ಲ. ಆ ಕೋಟೆಯ ಉತ್ತರ ಬಾಗಿಲಿನ ಕಮಾನು ಈಗ ಒಂದು ಹೋಟೆಲ್ ಕಟ್ಟಡದ ಗೋಡೆಯೊಳಗೆ ಸೇರಿಕೊಂಡಿದೆ. ಟ್ರಿಯರ್‌ನಲ್ಲಾಗಿದ್ದರೆ ಸುತ್ತ ಬೇಲಿ ಹಾಕಿ ಟಿಕೆಟ್ ಇಡುತ್ತಿದ್ದರು. ಇಲ್ಲಿ ಅದರ ಪಕ್ಕದಲ್ಲೇ ಜನ ಸೈಕಲ್ ಒರಗಿಸಿ ಹೋಗುತ್ತಾರೆ.

ಕಲ್ಲುಸೇತುವೆ ಕಟ್ಟಿದ್ದು 1135ರಿಂದ 1146. ಹತ್ತೇ ಹತ್ತು ವರ್ಷ ಚಿಲ್ಲರೆ. ಉದ್ದ 300 ಮೀಟರಿಗೂ ಮೇಲೆ. ಇದು ಮುಗಿದ ಮರುವರ್ಷವೇ ಎರಡನೇ ಧರ್ಮಯುದ್ಧದ (ಕ್ರುಸೇಡ್) ಜರ್ಮನ್ ಸೇನೆ ಈ ಊರಿನಿಂದ ಹೊರಟಿತು, 1189ರಲ್ಲಿ ಮುಂದಿನ ಧರ್ಮಯುದ್ಧಕ್ಕೆ ಜರ್ಮನ್ ಚಕ್ರವರ್ತಿ ಬಾರ್ಬರೋಸಾ ಕೂಡ ಇಲ್ಲಿಂದಲೇ ಹೊರಟ. ಸೇತುವೆಗೆ ಒಂದು ಕಥೆ ಇದೆ. ಸೇತುವೆ ಕಟ್ಟುವವನಿಗೂ ಕೆಥೆಡ್ರಲ್ ಕಟ್ಟುವವನಿಗೂ ಪಂದ್ಯ ಬಿತ್ತು. ಸೇತುವೆಯವನು ಸೈತಾನನ ಸಹಾಯ ಕೇಳಿದ. ಮೊದಲು ದಾಟುವ ಮೂರು ಜೀವ ನನಗೆ ಅಂದ ಸೈತಾನ. ಕೆಲಸ ಮುಗಿದ ಮೇಲೆ ಇವನು ಒಂದು ಹುಂಜ, ಒಂದು ಕೋಳಿ, ಒಂದು ನಾಯಿಯನ್ನು ಓಡಿಸಿದ. ಸಿಟ್ಟಿಗೆದ್ದ ಸೈತಾನ ಕೆಳಗಿನಿಂದ ತಳ್ಳಿದ್ದಕ್ಕೆ ಸೇತುವೆಯ ನಡು ಉಬ್ಬಿದೆಯಂತೆ. ಕಥೆ ಚೆನ್ನಾಗಿದೆ, ಲೆಕ್ಕ ಮಾತ್ರ ತಪ್ಪು. ಈಗಿನ ಕೆಥೆಡ್ರಲ್ ಶುರುವಾಗಿದ್ದೇ ಸೇತುವೆ ಮುಗಿದು ನೂರು ವರ್ಷಕ್ಕೂ ಆಮೇಲೆ. ಅದರ 105 ಮೀಟರ್ ಶಿಖರಗಳು ಮುಗಿದದ್ದು 1869ರಲ್ಲಿ. ಪಂದ್ಯ ಯಾರು ಗೆದ್ದರು ಅಂತ ಕೇಳೋದೇ ಬೇಡ, ಅಲ್ವಾ?

ಸೇತುವೆಯಿಂದ ದುಡ್ಡು ಬಂತು. ಇಟಲಿ ಜೊತೆ ವ್ಯಾಪಾರ ಮಾಡಿದ ಸಾಹುಕಾರರು ಇಟಲಿಯಲ್ಲಿ ನೋಡಿದ ಹಾಗೆ ಮನೆ ಮೇಲೆ ಗೋಪುರ ಎಬ್ಬಿಸಿದರು. ಕಾವಲಿಗೇನೂ ಅಲ್ಲ, ಬರಿ ಜಂಬಕ್ಕೆ. ಆಮೇಲೆ ವ್ಯಾಪಾರ ನ್ಯೂರೆಂಬರ್ಗ್, ಆಗ್ಸ್‌ಬರ್ಗ್ ಕಡೆ ಜಾರಿತು. ರೇಗೆನ್ಸ್‌ಬುರ್ಗ್‌ಗೆ ಹಳೆಯ ಮನೆ ಒಡೆದು ಹೊಸದು ಕಟ್ಟೋಕೆ ಕಾಸಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಾಂಬುಗಳು ಹೆಚ್ಚಾಗಿ ಊರ ಹೊರಗಿನ ವಿಮಾನ ಕಾರ್ಖಾನೆ ಮೇಲೆ ಬಿದ್ದವು. ಹಾಗಾಗಿ ಮಧ್ಯಯುಗದ ಊರು ಇಡಿಯಾಗಿ ಉಳಿಯಿತು. ಒಂದು ಗೋಪುರ ಮನೆಯಲ್ಲಿ ಈಗ ವಿದ್ಯಾರ್ಥಿಗಳಿದ್ದಾರೆ. ಕಿಟಕಿಯಲ್ಲಿ ಬಟ್ಟೆ ಒಣಗುವುದನ್ನು ನೋಡಿದರೆ ನನಗಂತೂ ಯಾವ ಮ್ಯೂಸಿಯಂಗಿಂತ ಸಂತೋಷ.

1663ರಿಂದ 1806ರವರೆಗೆ ಪವಿತ್ರ ರೋಮನ್ ಸಾಮ್ರಾಜ್ಯದ (ಹೆಸರಷ್ಟೇ ರೋಮನ್, ಇದ್ದದ್ದು ಹೆಚ್ಚಾಗಿ ಜರ್ಮನ್ ರಾಜ್ಯಗಳ ಕೂಟ) ಸಂಸತ್ತು ಇಲ್ಲಿನ ಹಳೆಯ ಪುರಭವನದಲ್ಲಿ ಸೇರುತ್ತಿತ್ತು. ಸೇರುತ್ತಿತ್ತು ಅನ್ನುವುದಕ್ಕಿಂತ, ಏಳಲೇ ಇಲ್ಲ ಅನ್ನಬೇಕು. ಕೆಲಸ ಮುಂದೂಡುವುದಕ್ಕೆ ಜರ್ಮನ್‌ನಲ್ಲಿ 'ಉದ್ದ ಬೆಂಚಿಗೆ ತಳ್ಳುವುದು' ಅನ್ನುತ್ತಾರೆ. ಆ ಬೆಂಚು ಇದೇ ಅಂತ ಗೈಡ್‌ಗಳು ತೋರಿಸುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹತ್ತಿರದಲ್ಲೇ ಕೆಪ್ಲರ್ ತೀರಿಕೊಂಡ ಮನೆ. ಗ್ರಹಗಳ ದಾರಿ ಕಂಡುಹಿಡಿದವನು 1630ರಲ್ಲಿ ಇಲ್ಲಿಗೆ ಬಂದದ್ದು ಚಕ್ರವರ್ತಿಯಿಂದ ಬರಬೇಕಿದ್ದ ಬಾಕಿ ಕೇಳೋಕೆ. ಜ್ವರ ಬಂದು ನವೆಂಬರ್ 15ರಂದು ಹೋದ. ಕೆಲವೇ ವರ್ಷದಲ್ಲಿ ಯುದ್ಧದಲ್ಲಿ ಸ್ಮಶಾನ ಹಾಳಾಗಿ ಸಮಾಧಿಯೂ ಉಳಿಯಲಿಲ್ಲ.

ಈ ಊರಿನ ಚಂದದ ಅಡಿಯಲ್ಲಿ ಕರಾಳವಾದದ್ದೂ ಇದೆ. 1519ರಲ್ಲಿ ಇಲ್ಲಿನ ಯಹೂದಿಗಳನ್ನೆಲ್ಲ ಓಡಿಸಿ ಅವರ ಪ್ರಾರ್ಥನಾ ಮಂದಿರ ಸಿನಗಾಗ್ ಕೆಡವಿದರು. ಆ ಜಾಗದಲ್ಲಿ ಈಗ ಕಲಾವಿದ ಡಾನಿ ಕಾರವಾನ್ ಮಾಡಿದ ಬಿಳಿ ಕಲ್ಲಿನ ತಳಪಾಯ ಇದೆ. ಮಕ್ಕಳು ಅದರ ಮೇಲೆ ಕೂತು ಐಸ್‌ಕ್ರೀಂ ತಿನ್ನುತ್ತಾರೆ. ಹಾಗೆ ಕೂರಲಿ ಅಂತಲೇ ಮಾಡಿದ್ದು.

ಹಾಗಾದರೆ ಯಾವುದು?

ಒಂದೇ ದಿನ ಇದ್ದು, ರೋಮನ್ ಇತಿಹಾಸದ ಹುಚ್ಚು ನಿಮಗಿದ್ದರೆ ಟ್ರಿಯರ್. ಊರು ಸಮತಟ್ಟು, ವಯಸ್ಸಾದವರಿಗೂ ನಡೆಯಬಹುದು. ಲಕ್ಸೆಂಬರ್ಗ್‌ನಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ. ಲಕ್ಸೆಂಬರ್ಗ್‌ನಲ್ಲಿ 2020ರಿಂದ ಬಸ್ಸು, ರೈಲಿನ ಎರಡನೇ ದರ್ಜೆ ಪುಕ್ಕಟೆ. ಹಾಗಾಗಿ ಗಡಿಯ ವಾಸರ್‌ಬಿಲ್ಲಿಗ್‌ನಿಂದ ಈಚೆಗೆ ಮಾತ್ರ ಟಿಕೆಟ್ ಸಾಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದ್ರಾಕ್ಷಿ ಕೊಯ್ಲಿನ ಸಮಯ ಚೆಂದ. ರಾತ್ರಿ ಉಳಿಯಲೇಬೇಕು ಅಂತೇನಿಲ್ಲ.

ಬಿಸಿಲು, ಸಂತೆ, ಚಿತ್ರ, ಸ್ವಲ್ಪ ಒರಟುತನ ಇಷ್ಟವಾದರೆ ಆರ್ಲ್. ಅವಿನ್ಯೋನ್‌ನಿಂದ ರೈಲಿನಲ್ಲಿ ಸುಮಾರು 20 ನಿಮಿಷ, ಮಾರ್ಸೇಯಿಂದ ಒಂದು ಗಂಟೆ. ಕಮಾರ್ಗ್‌ಗೆ ಬೇರೆಯೇ ಒಂದು ದಿನ ಇಡಿ, ಬಾಡಿಗೆ ಕಾರಿದ್ದರೆ ಒಳ್ಳೆಯದು. ಜುಲೈನಲ್ಲಿ ಫೋಟೊಗ್ರಫಿ ಉತ್ಸವ ಶುರುವಾಗಿ ರೂಮು ದುಬಾರಿಯಾಗುತ್ತದೆ, ಬಿಸಿಲೂ ಹಿಂಡುತ್ತದೆ. ಮೇ ತಿಂಗಳು ಅಥವಾ ಸೆಪ್ಟೆಂಬರ್ ಕೊನೆ ನೋಡಿ. ಶನಿವಾರ ಸಂತೆ, ಅವತ್ತು ಅಲ್ಲಿರುವ ಹಾಗೆ ದಿನ ಹೊಂದಿಸಿಕೊಳ್ಳಿ.

ಸಸ್ಯಾಹಾರಿಗಳಿಗೆ ಮೂರರಲ್ಲಿ ಆರ್ಲ್ ಸಂತೆಯೇ ವಾಸಿ: ಟೊಮೆಟೊ, ಮೇಕೆ ಹಾಲಿನ ಚೀಸ್, ಬ್ರೆಡ್, ಹಣ್ಣು. ಆದರೆ ಆಲಿವ್ ಅರೆದು ಮಾಡುವ ಕಪ್ಪು ಚಟ್ನಿಯಂಥ ಟಾಪನಾಡ್‌ನಲ್ಲಿ ಮೀನು ಸೇರಿಸಿರುತ್ತಾರೆ, ಕೇಳಿ ತಗೊಳ್ಳಿ. ರೇಗೆನ್ಸ್‌ಬುರ್ಗ್ ಸೇತುವೆ ಬುಡದಲ್ಲಿ ಶತಮಾನಗಳಿಂದ ನಡೆಯುತ್ತಿರುವ ಸಾಸೇಜ್ ಅಂಗಡಿ ಇದೆ. ಹಂದಿ ಮಾಂಸದ ಪುಟ್ಟ ಸಾಸೇಜ್, ಹುಳಿ ಎಲೆಕೋಸು, ಸಿಹಿ ಸಾಸಿವೆ. ತಿನ್ನದವರು ಗೋಡೆ ಮೇಲೆ ಗುರುತು ಹಾಕಿದ ಪ್ರವಾಹದ ಮಟ್ಟ ನೋಡಿ ಬರಬಹುದು, ಅದೇ ಹೊಟ್ಟೆ ತುಂಬಿಸುತ್ತದೆ. ಊಟಕ್ಕೆ ಚೀಸ್ ಹಾಕಿದ ಸ್ಪೆಟ್ಸ್‌ಲ ಕೇಳಿ. ಹಿಟ್ಟಿನ ಸಣ್ಣ ಉಂಡೆಗಳು, ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ಮೊಟ್ಟೆಯೂ ಬೇಡವಾದರೆ ಟರ್ಕಿಯವರ ಫಲಾಫೆಲ್ ಅಂಗಡಿಯೇ ಗತಿ.

ಮೂರಕ್ಕೂ ಒಂದೇ ಶೆಂಗನ್ ವೀಸಾ ಸಾಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಒಂದೇ ಪ್ರವಾಸದಲ್ಲಿ ಮೂರನ್ನೂ ತುರುಕುವ ಆಸೆ ಬೇಡ. ರೇಗೆನ್ಸ್‌ಬುರ್ಗ್‌ನಿಂದ ಆರ್ಲ್‌ಗೆ ರೈಲಿನಲ್ಲಿ ಒಂದು ಇಡೀ ದಿನವೇ ಹೋಗುತ್ತದೆ.

ಮೊದಲ ಸಲ ಹೋಗುವವರು, ಅಪ್ಪ ಅಮ್ಮನ ಜೊತೆ ಹೋಗುವವರು, ಸುಮ್ನೆ ಊರಲ್ಲಿ ತಿರುಗಾಡಬೇಕು ಅನ್ನುವವರು ನನ್ನನ್ನು ಕೇಳಿದರೆ ಎರಡು ಸಲ ಯೋಚಿಸದೆ ರೇಗೆನ್ಸ್‌ಬುರ್ಗ್ ಅನ್ನುತ್ತೇನೆ. ಮ್ಯೂನಿಕ್‌ನಿಂದ ಒಂದೂವರೆ ಗಂಟೆ, ನ್ಯೂರೆಂಬರ್ಗ್‌ನಿಂದ ಒಂದು ಗಂಟೆ. ದಿನದಲ್ಲಿ ಹೋಗಿ ಸಂಜೆ ವಾಪಸ್ ಬರುವುದು ಮಾತ್ರ ತಪ್ಪು. ಹಗಲು ಡಾನ್ಯೂಬ್ ಪ್ರವಾಸಿ ಹಡಗುಗಳು ಜನರನ್ನು ಇಳಿಸುತ್ತವೆ, ಬೀದಿ ತುಂಬ ಬಾವುಟ ಹಿಡಿದ ಗೈಡ್‌ಗಳು. ಸಂಜೆ ಅವರೆಲ್ಲ ಊಟಕ್ಕೆ ಹಡಗು ಹತ್ತುತ್ತಾರೆ. ಆಗ ಸೇತುವೆ ದಾಟಿ ಆಚೆ ದಡದ ಸ್ಟಾಟಮ್‌ಹೋಫ್‌ಗೆ ಹೋಗಿ. 1924ರವರೆಗೆ ಅದು ಬೇರೆಯೇ ಊರಾಗಿತ್ತು. ಅಲ್ಲಿಂದ ತಿರುಗಿ ನಿಂತರೆ ಸೇತುವೆ, ಅದರ ಗೋಪುರ, ಹಿಂದೆ ಕೆಥೆಡ್ರಲ್‌ನ ಎರಡು ಶಿಖರ. ಕಂಬಗಳ ಕೆಳಗೆ ನೀರು ಸುಳಿ ಹಾಕುವ ಸದ್ದು ಮೇಲಿನವರೆಗೆ ಕೇಳುತ್ತದೆ. ಜಾಕೆಟ್ ಒಯ್ಯಿರಿ, ಜೂನ್‌ನಲ್ಲೂ ಅಲ್ಲಿ ಗಾಳಿ ತಣ್ಣಗಿರುತ್ತದೆ.